ಗುರಲಿಂಗಪ್ಪನ ಸಂಗಡ ಬಂದವರು

ಗುಳೇದಗುಡ್ಡದಲ್ಲಿ ಗಂಡಸರು ಅಳುವುದಿಲ್ಲ. ಅಳಲೇಬೇಕಾದ ಪ್ರಸಂಗ ಬಂದರೆ ಬಸ್ಸು ಹತ್ತಿ ಬನಶಂಕರಿಗೆ ಹೋಗಿ, ಹೊಂಡದಲ್ಲಿ ಒಮ್ಮೆ ಮುಳುಗಿ, ಮುಖ ಒದ್ದೆಯಾದದ್ದಕ್ಕೆ ಒಂದು ಕಾರಣ ಸಿದ್ಧಮಾಡಿಕೊಂಡು, ಆಮೇಲೆ ಅಳುತ್ತಾರೆ. ತಾಯಿ ಬನಶಂಕರಿಯೂ ಈ ಗುಟ್ಟನ್ನು ಈವರೆಗೆ ಯಾರ ಮುಂದೆಯೂ ಆಡಿಲ್ಲ. ಊರಿನ ಈ ಮರ್ಯಾದೆಯನ್ನು ಕೆಡಿಸಿದವನು ಕುಪ್ಪಸದ ಖಣದ ವ್ಯಾಪಾರಿ ಗುರಲಿಂಗಪ್ಪ.

ಅವನ ಹೆಂಡತಿ ರಂಗವ್ವ ಶಿವನ ಪಾದ ಸೇರಿ ವರ್ಷವಾಗಿತ್ತು. ಪುಣ್ಯತಿಥಿ ಮುಗಿಯಿತು, ಜಂಗಮರು ಉಂಡು ಹರಸಿದರು, ಇಳಕಲ್ಲಿನ ಬೀಗರು ಬಂದು "ಇನ್ನ ಮರೀಬೇಕ್ರಿ" ಎಂದು ಅಪ್ಪಣೆ ಕೊಟ್ಟು ಹೋದರು. ಮರೆಯುವುದಕ್ಕೆ ಗುರಲಿಂಗಪ್ಪನೂ ತಯಾರಿದ್ದ. ಬೀಗರ ಮಾತು ಅವನು ಎಂದೂ ಮೀರಿದವನಲ್ಲ. ಆದರೆ ಅಂಗಡಿಯಲ್ಲಿ ಕೂತು ಖಣದ ಥಾನು ಬಿಚ್ಚಿ ಗಜಕಡ್ಡಿ ಹಿಡಿದನೆಂದರೆ ಕಣ್ಣಲ್ಲಿ ನೀರು ದಳದಳ ಇಳಿಯುತ್ತಿತ್ತು. ಇಷ್ಟು ವರ್ಷ ಥಾನಿನ ಆಚೆಯ ತುದಿ ಹಿಡಿದು ಕೂಡುತ್ತಿದ್ದವಳು ರಂಗವ್ವ. ಈಗ ಆ ತುದಿಯ ಮೇಲೆ ಒಂದು ಕಲ್ಲು ಇಡುತ್ತಿದ್ದ. ಕಲ್ಲು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು, ಅಳತೆ ತಪ್ಪಿದಾಗ "ಎಲ್ಲಿ ಲಕ್ಷ್ಯ ಐತಿ?" ಎಂದು ಬಯ್ಯುತ್ತಿರಲಿಲ್ಲ, ಅಷ್ಟೇ ಕೊರತೆ.

ಗಿರಾಕಿಗಳು ಇದನ್ನು ಬೇರೆಯೇ ರೀತಿ ತಿಳಿದುಕೊಂಡರು. ಹುನಗುಂದದಿಂದ ಮದುವೆಯ ಜವಳಿಗೆ ಬಂದ ಒಬ್ಬ ಹೆಣ್ಣುಮಗಳು ಚೌಕಾಶಿ ಮಾಡುತ್ತ ಮಾಡುತ್ತ ಅವನ ಕಣ್ಣೀರು ನೋಡಿ ಗಾಬರಿಯಾದಳು.

"ಅಯ್ಯ ಯಪ್ಪಾ, ಅಳಬ್ಯಾಡ್ರಿ! ನೀವು ಹೇಳಿದ್ದ ರೇಟಿಗೇ ತಗೋತೇನಿ. ಇಷ್ಟಕ್ಕೆಲ್ಲಾ ಯಾರರ ಅಳ್ತಾರೇನು?"

ಪಕ್ಕದ ಅಂಗಡಿಯ ನಿಂಗರಾಜನೂ ಖಣದ ವ್ಯಾಪಾರಿ. ಅವನು ಇದನ್ನು ಕಣ್ಣಾರೆ ಕಂಡು ಹೊಟ್ಟೆ ಉರಿದುಕೊಂಡ. "ನೋಡ್ರಿ ಧಂದೆ! ಕಣ್ಣೀರ ಹಾಕಿ ಖಣಾ ಮಾರತಾನ. ನಾಳಿಂದ ನಾನೂ ಗಲ್ಲಾದಾಗ ಒಂದ ಉಳ್ಳಾಗಡ್ಡಿ ಹೆಚ್ಚಿ ಇಟಕೊಂಡ ಕುಂಡ್ರತೇನಿ" ಎಂದು ಪೇಟೆಯಲ್ಲೆಲ್ಲ ಸಾರಿದ. ಸಾರಿದ್ದಷ್ಟೇ ಅಲ್ಲ, ಇಟ್ಟುಕೊಂಡೂ ಕೂತ. ಅವನ ವ್ಯಾಪಾರವೇನೂ ಹೆಚ್ಚಲಿಲ್ಲ. ಕಣ್ಣು ಮಾತ್ರ ಕೆಂಪಾದವು.

ಇದೇ ಸಮಯಕ್ಕೆ ಸರಕಾರಕ್ಕೂ ಪ್ರಜೆಗಳ ಮನಸ್ಸಿನ ಮೇಲೆ ಕರುಣೆ ಹುಟ್ಟಿತು. ರಸ್ತೆ, ನೀರು, ಚರಂಡಿ ಇವೆಲ್ಲ ಸರಿಹೋದ ಮೇಲೆ ಮನಸ್ಸೊಂದೇ ಉಳಿದಿತ್ತೆಂದು ಕಾಣುತ್ತದೆ. 'ಹಗುರ ಮನಸ್ಸು' ಎಂಬ ಸಮುದಾಯ ಆಧಾರಿತ ಯೋಜನೆ ಹುಟ್ಟಿ, ಅದಕ್ಕೆ ಅನುದಾನ ಬಿಡುಗಡೆಯಾಯಿತು. ಅನುದಾನ ಮೇಲಿನಿಂದ ಇಳಿಯುತ್ತ ಇಳಿಯುತ್ತ ಉದ್ಘಾಟನೆ, ಶಾಲು, ಹಾರ, ಪೇಡೆ ಮತ್ತು ಒಂದು ದೊಡ್ಡ ಬೋರ್ಡು ಎಂಬ ಮೆಟ್ಟಿಲುಗಳನ್ನು ದಾಟಿ, ಗುಳೇದಗುಡ್ಡಕ್ಕೆ ಮುಟ್ಟಿದಾಗ ಒಂದು ಖೋಲಿ, ಎರಡು ಕುರ್ಚಿ ಮತ್ತು ವಾರಕ್ಕೊಮ್ಮೆ ಬಾಗಲಕೋಟೆಯಿಂದ ಬಸ್ಸಿಗೆ ಬರುವ ವಿದ್ಯಾ ಎಂಬ ಸಲಹೆಗಾರ್ತಿಯಾಗಿ ಉಳಿದಿತ್ತು.

ಖೋಲಿಯನ್ನು ಆರಿಸಿದ ಜಾಣತನವನ್ನು ಹೊಗಳಲೇಬೇಕು. ನೇಕಾರರ ಓಣಿಯ ನಟ್ಟನಡುವೆ, ಮೂರೂ ಕಡೆಗೆ ಕರೆಂಟಿನ ಮಗ್ಗಗಳು ಖಟಾಖಟ್ ಖಟಾಖಟ್ ಎಂದು ಹಗಲಿಡೀ ಬಡಿಯುವ ಜಾಗ. ಅದರ ಬಾಗಿಲ ಮೇಲೆ 'ಶಾಂತವಾಗಿ ಮಾತನಾಡೋಣ ಬನ್ನಿ' ಎಂಬ ಬೋರ್ಡು. ಎದುರಿನ ಕಟ್ಟೆಯ ಮೇಲೆ ದಾನಮ್ಮ.

ದಾನಮ್ಮ ಯಾರೆಂದು ಹೇಳದೆ ಮುಂದೆ ಹೋಗುವಂತಿಲ್ಲ. ಆಕೆ ಓಣಿಯ ಹಿರಿಯಳು, ಗಂಡ ತೀರಿಕೊಂಡವಳು, ಸೊಸೆಯುಳ್ಳವಳು. ಬೆಳಿಗ್ಗೆ ವಿಭೂತಿ ಧರಿಸಿ ಕಟ್ಟೆಯ ಮೇಲೆ ಕೂತರೆ ದೀಪ ಹಚ್ಚುವ ಹೊತ್ತಿಗೇ ಏಳುವಳು. ಆ ಖೋಲಿಯ ಬಾಗಿಲಲ್ಲಿ ಯಾರಾದರೂ ಕಾಲಿಟ್ಟರೆ ಅವರು ಒಳಗಿನ ಕುರ್ಚಿ ಮುಟ್ಟುವುದರೊಳಗೆ ಸುದ್ದಿ ಕೆರೂರು ಮುಟ್ಟುತ್ತಿತ್ತು. ಆದ್ದರಿಂದ ಯಾರೂ ಕಾಲಿಡಲಿಲ್ಲ. ವಿದ್ಯಾ ಬರುವಳು, ಎರಡನೆಯ ಕುರ್ಚಿಯ ಧೂಳು ಒರೆಸುವಳು, ಸಂಜೆಯ ಬಸ್ಸಿಗೆ ಹೋಗುವಳು. ಇಡೀ ಓಣಿಯ ಮನಸ್ಸು ಹಗುರವಾಗಿದೆಯೆಂದು ಸರಕಾರಕ್ಕೆ ವರದಿ ಹೋಗುತ್ತಿದ್ದಿರಬೇಕು.

ಗುರಲಿಂಗಪ್ಪನ ಸೊಸೆ ಸುರೇಖಾ ಒಂದು ದಿನ ಊಟಕ್ಕೆ ಬಡಿಸುತ್ತ ಮಾತು ತೆಗೆದಳು.

"ಮಾವಾರ, ಗುರುವಾರಕ್ಕೊಮ್ಮೆ ಒಬ್ರು ಬಾಯಾರು ಬರ್ತಾರಲ್ಲ, ಅವರ ಕಡೆ ಹೋಗಿ ಮಾತಾಡಿ ಬರ್ರಿ."

"ನನಗೇನ ಹುಚ್ಚ ಹಿಡದೈತೇನಬೇ?"

"ಹುಚ್ಚ ಯಾರಂದ್ರು? ನಿನ್ನೆ ಕಮತಗಿಯವರಿಗೆ ಖಣಾ ಹರದ ಕೊಟ್ರಲ್ಲ, ಅದರಾಗ ಒಂದ ತೋಳಿನ ಕುಪ್ಪಸ ಆಗತೈತಂತ. ಇನ್ನೊಂದ ತೋಳ ಎಲ್ಲೈತಿ ಅಂತ ಫೋನ್ ಮಾಡಿ ಕೇಳಾಕತ್ತಾರ."

ಗುರಲಿಂಗಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಅಳುವುದು ತನ್ನ ಖಾಸಗಿ ವಿಷಯ. ಅಳತೆ ತಪ್ಪುವುದು ಮನೆತನದ ವಿಷಯ. ಹೋಗಲೇಬೇಕಾಯಿತು.

ಗುರುವಾರ ಅವನು ಮದುವೆಗೆ ಹೊಲಿಸಿದ್ದ ಕರೀ ಕೋಟು ತೊಟ್ಟ. ರುಮಾಲು ಸುತ್ತಿದ. ಯಾರಾದರೂ ಕೇಳಿದರೆ ಕೆಲಸದ ಮೇಲೆ ಹೊರಟಂತೆ ಕಾಣಲೆಂದು ಒಂದು ಖಾಲಿ ಫೈಲು ಬಗಲಲ್ಲಿ ಇಟ್ಟುಕೊಂಡ. ಓಣಿಯಲ್ಲಿ ನೆಲ ನೋಡುತ್ತ ಬಂದು, ಬಾಗಿಲಿಗೆ ಇನ್ನು ಒಂದು ಹೆಜ್ಜೆಯಿದೆ ಎನ್ನುವಾಗ ಕಟ್ಟೆಯಿಂದ ಬಾಣ ಬಂತು.

"ಗುರಲಿಂಗಪ್ಪಾ! ಯಾಕೋ ಅಲ್ಲಿ ಹೊಂಟಿ?"

ಸುಳ್ಳು ಹೇಳಿ ರೂಢಿಯಿಲ್ಲದವನು ಸುಳ್ಳು ಹೇಳಿದರೆ ಅದು ಯಾವಾಗಲೂ ಅಗತ್ಯಕ್ಕಿಂತ ದೊಡ್ಡದಾಗುತ್ತದೆ. "ಗೋಡೆ ನೋಡಲಿಕ್ಕೆ" ಎಂದಿದ್ದರೂ ಸಾಕಿತ್ತು. ಗುರಲಿಂಗಪ್ಪನ ಬಾಯಿಂದ ಬಂದದ್ದು ಹೀಗೆ:

"ನಾ... ನಾ ಇದರ ಅಧ್ಯಕ್ಷ ಅದೇನಿ."

"ಯಾವದರ ಅಧ್ಯಕ್ಷ?"

"ಈ ಕೇಂದ್ರದ್ದ. ಸಮಿತಿದು. ಮ್ಯಾಲಿಂದ ಮಾಡ್ಯಾರ."

ನಮ್ಮ ಸೀಮೆಯಲ್ಲಿ ಒಬ್ಬ ಮನುಷ್ಯ ತಾನು ಸತ್ಯವಂತನೆಂದರೆ ಸಾಕ್ಷಿ ಕೇಳುತ್ತಾರೆ, ವೈದ್ಯನೆಂದರೆ ಗುಣ ಕೇಳುತ್ತಾರೆ. ಅಧ್ಯಕ್ಷನೆಂದರೆ ಏನನ್ನೂ ಕೇಳುವುದಿಲ್ಲ, ಎದ್ದು ನಿಲ್ಲುತ್ತಾರೆ. ದಾನಮ್ಮ ಸೆರಗು ಸರಿಮಾಡಿಕೊಂಡಳು.

ಒಳಗೆ ವಿದ್ಯಾ ಬಹಳ ಮೆಲ್ಲಗೆ ಏನೋ ಕೇಳಿದಳು. ಅವಳಿಗೆ ಹಾಗೆಯೇ ಕಲಿಸಿದ್ದರು. ಮಗ್ಗಗಳಿಗೆ ಹಾಗೆ ಕಲಿಸಿರಲಿಲ್ಲ.

"ಏನ್ರಿ?" ಎಂದ ಗುರಲಿಂಗಪ್ಪ.

ಅವಳು ಇನ್ನೊಮ್ಮೆ ಕೇಳಿದಳು.

"ಕೇಳವಲ್ದರೀ!"

ಕೊನೆಗೆ ವಿದ್ಯಾ ಕುರ್ಚಿಯಿಂದ ಅರ್ಧ ಎದ್ದು ಕೂಗಿದಳು: "ದುಃಖ ಏನೈತ್ರೀ ನಿಮಗ?"

"ಹೇಣತಿ ಸತ್ತಾಳ್ರೀ!" ಎಂದು ಇವನೂ ಕೂಗಿದ.

ಹೀಗೆ, ಕಾಳು ಮಾರುವ ಸಂತೆಯಲ್ಲಿ ದರ ಕೂಗುವವರ ಹಾಗೆ, ಅವರಿಬ್ಬರೂ ಒಂದು ತಾಸು ಶಾಂತವಾಗಿ ಮಾತಾಡಿದರು. ಕೂಗುವ ಮಾತು ಕುರ್ಚಿಯಿಂದ ಕುರ್ಚಿಗೆ ಮುಟ್ಟುತ್ತಿತ್ತು, ಬಾಗಿಲು ದಾಟುತ್ತಿರಲಿಲ್ಲ. ಗುರಲಿಂಗಪ್ಪನಿಗೆ ಒಂದು ವಿಚಿತ್ರ ಅನುಭವವಾಯಿತು. ಹೆಂಡತಿಯ ಹೆಸರನ್ನು ವರ್ಷದಿಂದ ಅವನು ಇಷ್ಟು ದೊಡ್ಡ ದನಿಯಲ್ಲಿ ಕರೆದಿರಲಿಲ್ಲ. ಹೊರಗೆ ಬಂದಾಗ ಗಂಟಲು ಬಿದ್ದಿತ್ತು, ಎದೆ ಸ್ವಲ್ಪ ಸಡಿಲಾಗಿತ್ತು. ಮುಂದಿನ ಗುರುವಾರವೂ ಹೋದ, ಅದರ ಮುಂದಿನದಕ್ಕೂ ಹೋದ. ಕಮತಗಿಯವರಿಗೆ ಎರಡನೆಯ ತೋಳು ಮುಟ್ಟಿತು. ವಾರದಲ್ಲಿ ಆರು ದಿನ ಅಂಗಡಿಯಲ್ಲಿ ಹೇಗೋ ತಡೆದುಕೊಂಡರೆ ಏಳನೆಯ ದಿನ ಕೂಗಿ ಅಳಲಿಕ್ಕೆ ಒಂದು ಜಾಗ ಉಂಟು ಎಂಬುದೇ ಅವನ ಆಧಾರವಾಯಿತು.

ಆದರೆ ಅಧ್ಯಕ್ಷನಾದವನಿಗೆ ಹೊರಗೆ ಬೇರೆ ಕೆಲಸಗಳಿರುತ್ತವೆ.

ಮೊದಲು ದಾನಮ್ಮ ಬಂದಳು. "ಅಧ್ಯಕ್ಷಾ, ನಮ್ಮ ಸೊಸಿಗೆ ಹುಚ್ಚಿ ಅಂತ ಒಂದ ಸರ್ಟಿಫಿಕೇಟ್ ಕೊಡಸು."

"ಆಕಿಗೇನಾಗೇತಿ?"

"ನನ್ನ ಮಾತ ಕೇಳೂದಿಲ್ಲ."

"ಅದು ಹುಚ್ಚ ಅಲ್ಲಬೇ ಯಕ್ಕಾ."

"ಮತ್ತೇನ? ಶಾಣ್ಯಾತನಾ?"

ಆಮೇಲೆ ಓಣಿಯ ತಿರುವಿನಲ್ಲಿ ಚಹಾದ ಅಂಗಡಿ ಇಟ್ಟ ಮುರ್ತುಜಸಾಬ ಬಂದ. "ಅಧ್ಯಕ್ಷರ, ದುಃಖ ಇದ್ದ ಮಂದಿಗೆ ಚಹಾ ಭಾಳ ಬೇಕ್ರಿ. ಸರಕಾರಿ ಕಾಂಟ್ರಾಕ್ಟ್ ನನಗ ಮಾಡಿಸ್ರಿ. ಅಳೂ ಮಂದಿಗೆ ಸಕ್ಕರಿ ಜಾಸ್ತಿ, ಸುಮ್ನ ಕುಂತವರಿಗೆ ಶುಂಠಿ." ಕಡೆಗೆ ನಿಂಗರಾಜ ಬಂದು ತನ್ನನ್ನು ಉಪಾಧ್ಯಕ್ಷನನ್ನಾಗಿ ಮಾಡಬೇಕೆಂದು ಪಟ್ಟು ಹಿಡಿದ. ಇಲ್ಲವೆನ್ನಲು ಬಾರದ ಗುರಲಿಂಗಪ್ಪ ಮಾಡಿಬಿಟ್ಟ. ತನ್ನದಲ್ಲದ ಹುದ್ದೆಯಲ್ಲಿ ಕೂತವನು ಬೇರೆಯವರಿಗೆ ಹುದ್ದೆ ಹಂಚುವುದರಲ್ಲಿ ಎಂದೂ ಜಿಪುಣತನ ಮಾಡುವುದಿಲ್ಲ. ತಿಂಗಳು ತುಂಬುವುದರಲ್ಲಿ ಕೇಂದ್ರಕ್ಕೆ ಒಬ್ಬ ಅಧ್ಯಕ್ಷ, ಒಬ್ಬ ಉಪಾಧ್ಯಕ್ಷ, ಮಹಿಳಾ ಪ್ರತಿನಿಧಿಯಾಗಿ ದಾನಮ್ಮ ಮತ್ತು ಉಪಾಹಾರದ ಉಸ್ತುವಾರಿಗೆ ಮುರ್ತುಜಸಾಬ ಇಷ್ಟು ಜನ ಆದರು. ರೋಗಿಗಳು ಮಾತ್ರ ಬರಬೇಕಿತ್ತು.

ಉಪಾಧ್ಯಕ್ಷ ನಿಂಗರಾಜ ತನಗೆ ತಾನೇ ಹಾರ ಹಾಕಿಸಿಕೊಂಡ ಫೋಟೋ ತೆಗೆಸಿ ವಾಟ್ಸಪ್ಪಿನಲ್ಲಿ ಬಿಟ್ಟ. ಅದು ಮೊಬೈಲಿನಿಂದ ಮೊಬೈಲಿಗೆ ಹಾರುತ್ತ ಬಾಗಲಕೋಟೆಯ ಯೋಜನಾಧಿಕಾರಿ ಮುತ್ತುರಾಜ ಸಾಹೇಬರ ಕೈಗೆ ಹೋಗಿ ಬಿತ್ತು. ಗುಳೇದಗುಡ್ಡದಲ್ಲಿ ತಮ್ಮದೊಂದು ಕೇಂದ್ರ ಉಂಟೆಂದು ಸಾಹೇಬರಿಗೆ ನೆನಪಾದದ್ದೇ ಆಗ. ಫೋನು ಬಂತು.

"ಅಧ್ಯಕ್ಷರೇನ್ರಿ? ಚಲೋ ಆತು. ನಿಮ್ಮ ಕೇಂದ್ರಕ್ಕ ಮಂದೀನ ಬರೂದಿಲ್ಲಂತ ನಮಗ ಸುದ್ದಿ ಐತಿ. ಬರೂ ಗುರುವಾರ ನಾ ತಪಾಸಣಿಗೆ ಬರ್ತೇನಿ. ರೋಗಿಗಳನ್ನ ತೋರಸ್ರಿ. ಇರಲಿಲ್ಲಂದ್ರ ಕೇಂದ್ರಾನ ಬಾದಾಮಿಗೆ ಎತ್ತೂದ."

"ಬಾದಾಮಿಗ್ಯಾಕ್ರಿ ಸಾಹೇಬರ?"

"ಅಲ್ಲಿ ಗುಡಿ ಗವಿ ನೋಡಾಕ ದೊಡ್ಡ ದೊಡ್ಡವರು ಬರ್ತಾರ. ಬೋರ್ಡ್ ಅವರ ಕಣ್ಣಿಗೆ ಬೀಳತೈತಿ."

ಗುರಲಿಂಗಪ್ಪ ಫೋನಿಟ್ಟು ಕೂತುಬಿಟ್ಟ. ಬಾದಾಮಿಗೆ ಹೋಗಿ ಅಳಬೇಕೆಂದರೆ ವಾರವಾರವೂ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಬೇಕು. ನಿಂತರೆ "ಎಲ್ಲಿಗೆ?" ಎಂದು ಕೇಳದವನು ಈ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಕೇಂದ್ರ ಹೋದರೆ ರಂಗವ್ವನ ಹೆಸರು ಕೂಗುವ ಜಾಗವೂ ಹೋಯಿತು. ಹೇಗಾದರೂ ಮಾಡಿ ರೋಗಿಗಳನ್ನು ಕೂಡಿಸಬೇಕು.

ಮುರ್ತುಜಸಾಬನ ಅಂಗಡಿಯಲ್ಲಿ ಪದಾಧಿಕಾರಿಗಳ ತುರ್ತು ಸಭೆ ಸೇರಿತು.

"ಒಂದಿಷ್ಟ ಮಂದಿ ರೋಗಿ ಆಗಬೇಕ್ರಿ. ಒಂದ ದಿವಸದ ಮಾತು" ಎಂದು ಗುರಲಿಂಗಪ್ಪ ಕೈಮುಗಿದ. "ನಿಂಗರಾಜ, ನೀ ಆಗ್ತಿಯಾ? ನಿನ್ನ ಕಣ್ಣ ಹೆಂಗೂ ಕೆಂಪ ಅದಾವ."

"ಛೆ ಛೆ! ಮಗಗ ಕನ್ಯಾ ನೋಡಾಕತ್ತೇವಿ. ಹುಡುಗನ ಅಪ್ಪನ ತಲಿ ನೆಟ್ಟಗಿಲ್ಲಂತ ಆದ್ರ ಹೆಣ್ಣ ಯಾರ ಕೊಡ್ತಾರ? ಹುಚ್ಚ ಬಿಡೂತನಕ ಲಗ್ನ ಆಗೂದಿಲ್ಲ, ಲಗ್ನ ಆಗೂತನಕ ಹುಚ್ಚ ಬಿಡೂದಿಲ್ಲ ಅನ್ನೂಹಂಗ ಆಗತೈತಿ ನಮ್ಮ ಮನಿತಾನ."

"ಮುರ್ತುಜಸಾಬ?"

"ನನಗ ತಲಿ ಕೆಟ್ಟೈತಿ ಅಂದ್ರ ನನ್ನ ಕೈಯಾನ ಚಹಾ ಯಾರ ಕುಡೀತಾರ್ರಿ? ಸಕ್ಕರಿ ಬದ್ಲಿ ಉಪ್ಪ ಹಾಕ್ಯಾನಂತ ಮೂಸಿ ನೋಡಿ ಕುಡೀತಾರ."

"ದಾನಮ್ಮಕ್ಕಾ?"

"ನಮ್ಮ ಸೊಸೀನ ಬರಕೋ."

"ಆಕಿ ತವರಮನಿಗೆ ಹೋಗ್ಯಾಳಲ್ಲಬೇ!"

"ಅದನ್ನ ನಾನೂ ಅನ್ನೂದು. ಹೇಳದ ಕೇಳದ ಹೋಗ್ಯಾಳ. ಹುಚ್ಚ ಅಲ್ಲಂದ್ರ ಮತ್ತೇನ?"

ಸಭೆ ಮುರಿಯುವ ಹೊತ್ತಿಗೆ ದಾನಮ್ಮನಿಗೆ ಗುರಲಿಂಗಪ್ಪನ ಮುಖ ನೋಡಿ ಕನಿಕರ ಬಂತು. "ಅಳಮುಂಜ್ಯಾನಂಗ ಕುಂಡ್ರಬ್ಯಾಡ. ರೋಗಿ ಆಗಾಕ ಒಲ್ಲೆ. ಬೇಕಾದ್ರ ಸಂಗಡ ಬರ್ತೇನಿ."

"ಹಾಂ, ಸಂಗಡ ಬರಾಕೇನ, ನಾನೂ ಬರ್ತೇನಿ" ಎಂದ ನಿಂಗರಾಜ. "ನಾವೂ ಬರ್ತೇವಿ, ನಾವೂ ಬರ್ತೇವಿ" ಎಂದು ಚಹಾ ಕುಡಿಯುತ್ತಿದ್ದ ನೇಕಾರರೆಲ್ಲ ಒಪ್ಪಿದರು.

ಇದು ಈ ಕಡೆಯ ಪದ್ಧತಿ. ಇಲ್ಲಿ ಯಾರೂ ಒಬ್ಬರೇ ದವಾಖಾನೆಗೆ ಹೋಗುವುದಿಲ್ಲ. ಒಬ್ಬನಿಗೆ ಹಲ್ಲುನೋವು ಬಂದರೆ ಬಾಗಲಕೋಟೆಗೆ ಒಂದು ಟೆಂಪೋ ಹೋಗುತ್ತದೆ. ಸಂಗಡ ಹೋಗುವುದು ಪುಣ್ಯದ ಕೆಲಸ. ಸ್ವತಃ ರೋಗಿಯಾಗುವುದರಲ್ಲಿ ಯಾವ ಪುಣ್ಯವೂ ಇಲ್ಲ. ಹೀಗಾಗಿ ಪ್ರತಿಯೊಬ್ಬನೂ ರೋಗಿ ಇನ್ನೊಬ್ಬನೆಂದು ತಿಳಿದು ಉದಾರವಾಗಿ ಒಪ್ಪಿಕೊಂಡ. ಗುರಲಿಂಗಪ್ಪನ ಕಿವಿಗೆ ಬಿದ್ದದ್ದು 'ಬರ್ತೇವಿ' ಎಂಬ ಮಾತೊಂದೇ. ಅವನು ಸಂತೋಷದಿಂದ ಎಲ್ಲರ ಚಹಾದ ದುಡ್ಡು ಕೊಟ್ಟ.

ಗುರುವಾರ ಸಾಹೇಬರ ಜೀಪು ಬಂದು ನಿಂತಾಗ ಕೇಂದ್ರದ ಮುಂದೆ ಜಾತ್ರೆಯಂತೆ ಜನ. ನಿಂಗರಾಜ ಬಗಲಲ್ಲಿ ಚಾದರ ಹಿಡಿದಿದ್ದ, ದಾನಮ್ಮ ಬುತ್ತಿಯ ಗಂಟು ತಂದಿದ್ದಳು, ಮುರ್ತುಜಸಾಬನ ಕೈಯಲ್ಲಿ ಥರ್ಮಾಸು, ಉಳಿದವರಲ್ಲಿ ನೀರಿನ ಬಾಟಲಿ, ಎಳನೀರು, ಒಬ್ಬನಲ್ಲಿ ಸ್ಟ್ರೆಚರ್ ಬೇಕಾದೀತೆಂದು ಒಂದು ಹೊರಸು. ಮುತ್ತುರಾಜ ಸಾಹೇಬರು ಕನ್ನಡಕ ಏರಿಸಿ ನೋಡಿ ಬೆರಗಾದರು. ಮಗ್ಗಗಳು ಬಡಿಯುತ್ತಲೇ ಇದ್ದುದರಿಂದ ಅವರೂ ಕೂಗಬೇಕಾಯಿತು.

"ಭಾಳ ಮಂದಿ ಅದಾರಲ್ರೀ ಅಧ್ಯಕ್ಷರ! ಎಲ್ಲಾ ರೋಗಿಗಳೇನು?"

"ಹೌದ್ರೀ ಸಾಹೇಬರ!" ಎಂದು ಗುರಲಿಂಗಪ್ಪ ಎದೆಯುಬ್ಬಿಸಿದ.

ಸಾಹೇಬರು ಮೊದಲು ನಿಂಗರಾಜನ ಕಡೆ ತಿರುಗಿದರು. "ನಿಮಗೇನ ತ್ರಾಸ ಐತ್ರೀ?"

"ನನಗೇನಿಲ್ರೀ! ನಾ ಸಂಗಡ ಬಂದೇನಿ!"

"ಯಾರ ಸಂಗಡ?"

ನಿಂಗರಾಜ ಅತ್ತಿತ್ತ ನೋಡಿ, ಥರ್ಮಾಸು ಹಿಡಿದವನನ್ನು ತೋರಿಸಿದ. "ಮುರ್ತುಜಸಾಬನ ಸಂಗಡ ರೀ!"

ಮುರ್ತುಜಸಾಬ ಹಾವು ತುಳಿದವನಂತೆ ಹಾರಿದ. "ನನ್ನ ಸಂಗಡಾ? ಅಲ್ಲಾ ಕಸಮ್, ನಾ ದಾನಮ್ಮಕ್ಕನ ಸಂಗಡ ಬಂದೇನಿ!"

"ಸುಟ್ಟ ಬರಲಿ ನಿನ್ನ ಮಾರಿಗೆ!" ದಾನಮ್ಮ ಬುತ್ತಿಗಂಟು ಎತ್ತಿಯೇಬಿಟ್ಟಳು. "ನನಗೇನ ಧಾಡಿ ಆಗೇತಿ? ಬೆಳಿಗ್ಗೆ ಎದ್ದ ಲಿಂಗಪೂಜಿ ಮಾಡಿ ಬಂದೇನಿ. ನಾ ಈ ಹೊರಸ ತಂದವನ ಸಂಗಡ ಬಂದೇನ್ರೀ ಸಾಹೇಬರ!"

ಹೊರಸು ತಂದವನು ಎಳನೀರಿನವನನ್ನು ತೋರಿಸಿದ. ಎಳನೀರಿನವನು ಬಾಟಲಿಯವನನ್ನು ತೋರಿಸಿದ. ಬೆರಳುಗಳು ಓಣಿಯುದ್ದಕ್ಕೂ ಒಬ್ಬರಿಂದ ಒಬ್ಬರಿಗೆ ಹೋಗಿ, ಸುತ್ತು ಹಾಕಿ, ಪುನಃ ನಿಂಗರಾಜನ ಹತ್ತಿರ ಬಂದು ನಿಂತವು. ಸಾಹೇಬರು ತಮ್ಮ ಸರ್ವೀಸಿನಲ್ಲಿ ರೋಗಿಗಳಿಲ್ಲದ ದವಾಖಾನೆಗಳನ್ನು ಬಹಳ ಕಂಡಿದ್ದರು. ಇಷ್ಟು ಮಂದಿ ಸಂಗಡ ಬಂದು ರೋಗಿಯೊಬ್ಬನೇ ಬಾರದ ದವಾಖಾನೆ ಇದೇ ಮೊದಲು.

"ಹಂಗಾದ್ರ ರೋಗಿ ಯಾರ್ರೀ?" ಅವರು ವಿದ್ಯಾಳ ಕಡೆ ತಿರುಗಿದರು. "ಬಾಯಾರ, ನೀವರ ಹೇಳ್ರಿ. ಒಳಗ ಯಾರ ಬರ್ತಾರ?"

"ಹೇಳಾಕ ಬರೂದಿಲ್ರೀ ಸರ್! ಗುಟ್ಟ ಕಾಯಬೇಕು ಅಂತ ನೀವ ಕಲಿಸೀರಿ!"

"ಗುಟ್ಟ ಕಾಯ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಗುಟ್ಟಿಗೆ ಅನುದಾನ ಕೊಡಾಕ ಬರೂದಿಲ್ಲ!" ಸಾಹೇಬರು ಡ್ರೈವರನಿಗೆ ಸನ್ನೆ ಮಾಡಿದರು. "ಬೋರ್ಡ್ ಬಿಚ್ಚು. ಬಾದಾಮಿಗೆ ನಡೀಲಿ."

ಡ್ರೈವರ ಸ್ಕ್ರೂಡ್ರೈವರು ತಂದು ಬಾಗಿಲ ಬಳಿ ಸ್ಟೂಲು ಹಾಕಿದ. ಗುರಲಿಂಗಪ್ಪ ಸ್ಟೂಲಿನ ಕಾಲು ಹಿಡಿದುಕೊಂಡ.

"ತಡೀರಿ ಸಾಹೇಬರ! ರೋಗಿ ಅದಾನ! ನಾನ ರೋಗಿ!"

"ನೀವು ಅಧ್ಯಕ್ಷರಲ್ಲ?"

"ಎರಡೂ ಅದೇನ್ರೀ!"

"ಎರಡೂ ಇರಾಕ ಬರೂದಿಲ್ರೀ! ಅಧ್ಯಕ್ಷರಾದವರು ಫಲಾನುಭವಿ ಆಗಬಾರದಂತ ನಿಯಮ ಐತಿ!"

ಮೊದಲ ತಿರುಪು ಬಿಚ್ಚಿತು. ಎರಡನೆಯದಕ್ಕೆ ಸ್ಕ್ರೂಡ್ರೈವರು ತಗಲಿತು. ಗುರಲಿಂಗಪ್ಪ ತಲೆಯ ರುಮಾಲು ತೆಗೆದು ನೆಲಕ್ಕಿಟ್ಟು, ಮಗ್ಗಗಳ ಸದ್ದನ್ನೂ ಮೀರಿ, ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಕೂಗತೊಡಗಿದ.

"ನಾ ಅಧ್ಯಕ್ಷ ಅಲ್ರೀ! ಯಾರೂ ನನ್ನ ಮಾಡಿಲ್ಲ! ದಾನಮ್ಮಗ ಅಂಜಿ ಸುಳ್ಳ ಹೇಳೇನಿ! ನಾ ಒಳಗ ಹೋಗಿ..."

ಅಷ್ಟರಲ್ಲಿ ಕರೆಂಟು ಹೋಯಿತು.

ಓಣಿಯ ಮಗ್ಗಗಳೆಲ್ಲ ಒಂದೇ ಉಸಿರಿಗೆ ನಿಂತವು. ಕಾಗೆಯೊಂದು ತಂತಿಯ ಮೇಲೆ ಕಾಲು ಬದಲಿಸಿದ್ದೂ ಕೇಳುವಂತಾಯಿತು. ಆದರೆ ಏರಿದ ದನಿ ಇಳಿಸಲು ಗುರಲಿಂಗಪ್ಪನಿಗೆ ವ್ಯವಧಾನವಾಗಲಿಲ್ಲ.

"...ರಂಗವ್ವನ ಸಲುವಾಗಿ ಅಳತೇನ್ರೀ! ಥಾನಿನ ಆ ತುದಿ ಹಿಡ್ಯಾಕ ಯಾರೂ ಇಲ್ಲ! ಈ ಖೋಲಿ ಒಯ್ದ್ರ ನಾ ಎಲ್ಲಿ ಹೋಗಿ ಅಳ್ಲಿ!"

ಮಾತು ಓಣಿಯ ಈ ತುದಿಯಿಂದ ಆ ತುದಿಗೆ ಹೋಗಿ, ಚೌಕ ದಾಟಿ, ಗುಡ್ಡಕ್ಕೆ ತಾಗಿ, 'ಅಳ್ಲಿ' ಎಂದು ವಾಪಸು ಬಂತು. ಮನೆಮನೆಯಿಂದ ನೇಕಾರರು, ಹೆಣ್ಣುಮಕ್ಕಳು, ಕೈಯಲ್ಲಿ ಲಾಳಿ ಹಿಡಿದವರು ಹಿಡಿದಂತೆಯೇ ಹೊರಗೆ ಬಂದು ನಿಂತರು.

ಎಲ್ಲರಿಗಿಂತ ಮೊದಲು ಮಾತು ಬಂದದ್ದು ದಾನಮ್ಮನಿಗೆ.

"ರಂಗವ್ವನ ಸಲುವಾಗೇನೋ? ನಾವು ಗಿರಾಕಿ ಸಲುವಾಗಿ ಅಂತ ತಿಳಕೊಂಡಿದ್ವಲ್ಲೋ ಮಾರಾಯಾ!"

ನಿಂಗರಾಜ ಚಾದರದಿಂದ ಮುಖ ಒರೆಸಿಕೊಂಡ. ಈ ಸಲ ಉಳ್ಳಾಗಡ್ಡಿ ಅಂಗಡಿಯಲ್ಲೇ ಇತ್ತು.

ಮುತ್ತುರಾಜ ಸಾಹೇಬರು ಗಂಟಲು ಸರಿಮಾಡಿಕೊಂಡರು. ಕೆಟ್ಟ ಮನುಷ್ಯರಲ್ಲ, ನಿಯಮ ಮಾತ್ರ ಕಂಠಪಾಠವಾಗಿತ್ತು. "ದುಃಖ ಖರೆ ಐತ್ರಿ. ಆದ್ರ ಒಬ್ಬರ ಸಲುವಾಗಿ ಕೇಂದ್ರ ಇಡಾಕ ಬರೂದಿಲ್ಲ. ಇವರು ಬಾದಾಮಿಗೇ ಬರ್ಲಿ. ಯೋಜನೆಯೊಳಗ ಬಸ್ಸಿನ ಖರ್ಚ ಕೊಡ್ತೇವಿ. ರೋಗಿಗೂ ಕೊಡ್ತೇವಿ, ಸಂಗಡ ಬಂದವರಿಗೂ ಕೊಡ್ತೇವಿ."

ಅಧಿಕಾರಿಗಳು ಹೇಳಬಾರದ ಮಾತನ್ನು ಹೇಳಬಾರದವರ ಮುಂದೆ ಹೇಳುವುದೂ ಒಂದು ದೈವಲೀಲೆ.

ದಾನಮ್ಮ ಬುತ್ತಿಗಂಟು ಕೆಳಗಿಟ್ಟಳು. "ಏನಂದ್ರಿ? ಸಂಗಡ ಬಂದವರಿಗೂ?"

"ಹೂಂ... ಸಹಾಯಕರಿಗೆ..."

"ಎಷ್ಟ ಮಂದಿಗಂತ ಐತಿ?"

ಸಾಹೇಬರು ನೆನಪಿಸಿಕೊಂಡರು. ಯೋಜನೆ ಬರೆದವರು ಬೇರೆ ಸೀಮೆಯವರಿರಬೇಕು. ರೋಗಿಯ ಸಂಗಡ ಒಬ್ಬರೇ ಬರುತ್ತಾರೆಂದು ತಿಳಿದು ಸಂಖ್ಯೆ ನಮೂದಿಸುವುದನ್ನೇ ಬಿಟ್ಟಿದ್ದರು. "ಎಷ್ಟಂತ... ಬರದಿಲ್ರಿ."

"ಹಂಗಾದ್ರ ಕೇಳ್ರಿ. ನಮ್ಮಲ್ಲಿ ರೋಗಿನ್ನ ಒಬ್ಬನ್ನ ಕಳಸೂ ಪದ್ಧತಿ ಇಲ್ಲ. ಗುರಲಿಂಗಪ್ಪ ಬಾದಾಮಿಗೆ ಬಂದ್ರ ನಾನೂ ಬರ್ತೇನಿ. ನೀ ಬರ್ತಿಯೇನೋ ನಿಂಗರಾಜ?"

"ಪ್ರತಿ ಗುರುವಾರ ಬರ್ತೇನಿ. ಉಪಾಧ್ಯಕ್ಷ ಅದೇನಿ."

"ಮುರ್ತುಜಸಾಬ?"

"ಅಂಗಡಿ ಕೀಲಿ ಹಾಕಿ ಬರ್ತೇನಿ. ಊಟದ ಭತ್ತೆನೂ ಐತೇನ್ರಿ ಸಾಹೇಬರ?"

"ನಾವೂ ಬರ್ತೇವಿ" ಎಂದು ಬಾಗಿಲುಗಳಿಂದ ದನಿ ಎದ್ದವು. ಕರೆಂಟು ಇರಲಿಲ್ಲ, ಯಾರಿಗೂ ಕೆಲಸವಿರಲಿಲ್ಲ. ಹೆಂಗಸರು ಬರುವುದಾದರೆ ಮಕ್ಕಳನ್ನು ಎಲ್ಲಿ ಬಿಡುವುದು, ಅವರೂ ಬರಲಿ ಎಂದಾಯಿತು. ಸುರೇಖಾ ನೆರೆದವರನ್ನೆಲ್ಲ ಸರಿಸಿ ಮುಂದೆ ಬಂದು, "ನಾ ಅಂತೂ ಸ್ವಂತ ಸೊಸಿ ಅದೇನಿ, ನನ್ನ ಬಿಟ್ಟ ಹೆಂಗ ಹೋಗ್ತಾರ?" ಎಂದಳು. ಹೋಗಿಬರುವ ದಾರಿಯಲ್ಲಿ ಬನಶಂಕರಿಯ ದರ್ಶನವನ್ನೂ ಮುಗಿಸಬಹುದೆಂದು ಯಾರೋ ಸೂಚಿಸಿದ ಮೇಲೆ ಹಿಂಜರಿದು ನಿಂತಿದ್ದ ಮುದುಕರೂ ಸೇರಿಕೊಂಡರು.

ಸಾಹೇಬರು ಜೀಪಿನ ನೆರಳಿಗೆ ಹೋಗಿ ಮೇಲಿನವರಿಗೆ ಫೋನು ಹಚ್ಚಿದರು. "ಇಲ್ರಿ ಸರ್... ಒಬ್ಬನ ರೋಗಿ ಸರ್... ಸಂಗಡ ಬರೂವರು? ಓಣಿ ಸರ್... ಇಲ್ರಿ, ಓಣಿ ಒಳಗ ಯಾರು ಅಂತಲ್ರಿ, ಓಣಿನ ಬರತೈತಿ ಸರ್." ಬಹಳ ಹೊತ್ತು ಕೇಳಿಸಿಕೊಂಡರು. ಫೋನಿಟ್ಟು ಕರ್ಚೀಪಿನಿಂದ ಕುತ್ತಿಗೆ ಒರೆಸಿಕೊಂಡು ಡ್ರೈವರನಿಗೆ ಹೇಳಿದರು:

"ಬೋರ್ಡ್ ತಿರಗಿ ಹಚ್ಚು."

ಆಮೇಲೆ ಜನರ ಕಡೆ ತಿರುಗಿ ಭಾಷಣದ ದನಿಯಲ್ಲಿ, "ಇದು ಸಮುದಾಯ ಆಧಾರಿತ ಯೋಜನೆ. ಇಲ್ಲಿ ಸಮುದಾಯ ಭಾಳ ಚಲೋ ಐತಿ ಅಂತ ನಾ ವರದಿ ಮಾಡ್ತೇನಿ" ಎಂದು ಹೇಳಿ ಜೀಪು ಹತ್ತಿದರು.

ಮೇಲಿನವರು ಸುಮ್ಮನೆ ಸೋಲುವವರಲ್ಲ. ಕೆಲವೇ ದಿನಗಳಲ್ಲಿ ಆದೇಶ ಬಂತು: 'ಸದರಿ ಕೇಂದ್ರದ ಏಕಮೇವ ಫಲಾನುಭವಿಯು ಸಂಪೂರ್ಣ ಗುಣಮುಖನಾಗುವವರೆಗೆ ಮಾತ್ರ ಅನುದಾನ ಮುಂದುವರಿಯತಕ್ಕದ್ದು.' ವಿದ್ಯಾ ಅದನ್ನು ಓಣಿ ಕೇಳುವಂತೆ ಓದಿ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮುಂದಿನ ಗುರುವಾರ ಗುರಲಿಂಗಪ್ಪ ಕೋಟಿಲ್ಲದೆ, ಫೈಲಿಲ್ಲದೆ, ಹಾಡುಹಗಲೇ ಕೇಂದ್ರಕ್ಕೆ ಹೋದ. ಸಂಗಡ ಓಣಿಯೂ ಹೋಯಿತು. ಅವನು ಒಳಗೆ ಹೋಗುವ ಮೊದಲು ದಾನಮ್ಮ ತಡೆದಳು. "ತಡಿ, ನಿನ್ನ ತಬ್ಬೇತ ಹೆಂಗೈತಿ ಅಂತ ನಾ ಮೊದಲ ಬಾಯಾರನ್ನ ಕೇಳಿ ಬರ್ತೇನಿ." ಒಂದು ಮಾತು ಕೇಳಿ ಬರಲು ಹೋದವಳು ಒಂದು ತಾಸಿನ ಮೇಲೆ ಬಂದಳು. ಕಣ್ಣು ಊದಿದ್ದವು, ಗಂಟಲು ಬಿದ್ದಿತ್ತು. "ನೀ ಸುಧಾರಸಾಕತ್ತೀ ಅಂತ" ಎಂದಷ್ಟೇ ಹೇಳಿ ಮನೆಗೆ ಹೋದಳು. ಆಮೇಲೆ ಗುರಲಿಂಗಪ್ಪನ ಸಲುವಾಗಿ ವಿಚಾರಿಸಲು ನಿಂಗರಾಜ ಹೋದ, ನಿಂಗರಾಜನ ನಂತರ ಮುರ್ತುಜಸಾಬ ಹೋದ. ಹೊರಗಿನ ಬೆಂಚಿನ ಮೇಲೆ ರೋಗಿ ಒಬ್ಬನೇ ಕೂತು ಪಾಳಿ ಕಾಯುತ್ತಿದ್ದ. ಸಂಜೆಯ ಬಸ್ಸಿನ ಹೊತ್ತಾಯಿತು, ಪಾಳಿ ಬರಲಿಲ್ಲ. ಮುಂದಿನ ವಾರವೂ ಹಾಗೆಯೇ. ಅವನೂ ಬೇಸರಪಡಲಿಲ್ಲ. ಬೆಂಚಿನ ಮೇಲೆ ಅವನ ಪಕ್ಕದಲ್ಲಿ ಪಾಳಿಗೆ ಕೂತವರೆಲ್ಲ ರಂಗವ್ವನ ಮಾತು ತೆಗೆಯುತ್ತಿದ್ದರು. ಆಕೆ ಕೊಟ್ಟ ಕಡ, ಆಡಿದ ಜಗಳ, ದೀಪಾವಳಿಗೆ ಹಂಚಿದ ಕರಿಗಡಬು ಎಲ್ಲ ನೆನೆಯುತ್ತಿದ್ದರು. ಬೀಗರು ಹೇಳಿದಂತೆ ಅವನು ಮರೆಯಲಿಲ್ಲ. ಕಣ್ಣು ಮಾತ್ರ ಒಣಗುತ್ತ ಬಂದವು.

ದಸರೆಯ ಹೊತ್ತಿಗೆ ಓಣಿಯಲ್ಲಿ ಒಂದು ಭಯಂಕರ ಸುದ್ದಿ ಹಬ್ಬಿತು. ಗುರಲಿಂಗಪ್ಪ ಇಡೀ ಥಾನು ಅಳೆದರೂ ಅಳಲಿಲ್ಲವಂತೆ! ಆ ಸಂಜೆಯೇ ಅವನ ಅಂಗಡಿಗೆ ನಿಯೋಗ ಬಂತು. ದಾನಮ್ಮ ಮುಂದೆ, ನಿಂಗರಾಜ ಮತ್ತು ಮುರ್ತುಜಸಾಬ ಹಿಂದೆ. ಯಾರ ಮುಖದಲ್ಲೂ ಕಳೆಯಿರಲಿಲ್ಲ.

"ನೀ ಆರಾಮ ಆಗಾಕತ್ತೀ ಅಂತ ಸುದ್ದಿ ಐತಿ. ಖರೆ ಏನ?" ದಾನಮ್ಮ ಕಳ್ಳನನ್ನು ಹಿಡಿದವಳಂತೆ ಕೇಳಿದಳು.

"ಶಿವನ ದಯಾ ಯಕ್ಕಾ. ಸ್ವಲ್ಪ..."

"ಸ್ವಲ್ಪ ಅಂದ್ರ ಎಷ್ಟ? ಮಂದಿ ಬಗ್ಗೆ ಏನರ ವಿಚಾರ ಮಾಡೀಯೇನ ನೀ?"

"ನನ್ನದು ಈಗ ಅರ್ಧಾ ಹೇಳಿ ಆಗೇತಿ ನೋಡ್ರಿ" ಎಂದು ಮುರ್ತುಜಸಾಬ ಮೆಲ್ಲಗೆ ಸೇರಿಸಿದ. ನಿಂಗರಾಜ ಖಣದ ಥಾನೊಂದನ್ನು ಸವರುತ್ತ ನಿಂತ.

"ನಾ ಇನ್ನ ಸಣ್ಣಾಕಿ ಇದ್ದಾಗಿನ ಮಾತ ಬಾಯಾರ ಮುಂದ ಹೇಳಾಕತ್ತೇನಿ" ಎಂದಳು ದಾನಮ್ಮ. ದನಿ ಸ್ವಲ್ಪ ಅದುರಿತು. ಆಕೆ ಅದನ್ನು ಗದರಿಸಿ ಸರಿಮಾಡಿಕೊಂಡಳು. "ನನ್ನ ಲಗ್ನದ ತನಕಾನೂ ಇನ್ನ ಮುಟ್ಟಿಲ್ಲ. ಅತ್ತಿ ಕಾಟಾ, ಗಂಡ ಸತ್ತದ್ದು ಎಲ್ಲಾ ಮುಂದ ಐತಿ. ನೀ ಈಗ ಆರಾಮ ಆಗಿ ಬಾಗಲಾ ಹಾಕಸಿದ್ರ ನಾ ಅದನ್ನೆಲ್ಲಾ ಯಾರ ಮುಂದ ಹೇಳ್ಲಿ? ಇನ್ನೊಂದ ವರ್ಷರ ಅಳೋ ಮಾರಾಯಾ, ನಿನ್ನ ಕಾಲ ಬೀಳತೇನಿ!"

ಗುರಲಿಂಗಪ್ಪ ದಾನಮ್ಮನ ಮುಖ ನೋಡಿದ. ಮುರ್ತುಜಸಾಬನ ಮುಗಿದ ಕೈ ನೋಡಿದ. ಏನೋ ಹೇಳಬೇಕೆಂದು ಬಾಯಿ ತೆರೆದವನಿಗೆ ಹೊಟ್ಟೆಯ ತಳದಿಂದ ನಗು ಬಂತು. ತಡೆದ, ತಡೆಯಲಾಗಲಿಲ್ಲ. ಗಲ್ಲಾಪೆಟ್ಟಿಗೆಯ ಮೇಲೆ ಕೈಬಡಿದು, ಮೈ ಕುಲುಕಿಸಿ, ಪೇಟೆಗೆಲ್ಲ ಕೇಳುವಂತೆ ನಗತೊಡಗಿದ.

ದಾನಮ್ಮ ಹೌಹಾರಿ ಅವನ ಬಾಯಿಗೆ ಸೆರಗು ಒತ್ತಿ ಹಿಡಿದಳು.

"ನಿಂಗರಾಜ, ಶಟರ ಎಳಿಯೋ ಲಗೂನ! ಬಾಗಲಕೋಟಿಗೆ ಸುದ್ದಿ ಹೋದ್ರ ಎಲ್ಲಾರೂ ಸತ್ವಿ! ಇಂವ ನಗಾಕತ್ತಾನ!"